ಜುಲೈಯಲ್ಲಿ ನೀರು, ಜನವರಿಯಲ್ಲಿ ಮೈದಾನ: ಏಷ್ಯಾದ ‘ಸಣ್ಣ’ ದೇಶಗಳ ಐಸ್ ಹಾಕಿ ಕಥೆ



ಈ ವಿಡಿಯೋ ನೋಡ್ತಾ ಇರೋರಲ್ಲಿ ತುಂಬಾ ಜನ ಲೇಹ್‌ಗೆ ಹೋಗಿ ಬಂದಿರ್ತೀರಿ. ಪುಣೆಯಿಂದಲೋ ಗುರುಗ್ರಾಮದಿಂದಲೋ ನಾಲ್ಕು ಜನ ಸೇರಿ, ಮ್ಯಾನೇಜರ್ ಹತ್ರ ಹತ್ತು ದಿನ ರಜೆ ಗಿಟ್ಟಿಸಿ, ಮನಾಲಿಯಲ್ಲಿ ಬುಲೆಟ್ ಬಾಡಿಗೆಗೆ ತಗೊಂಡು ಹೋಗಿರ್ತೀರಿ. ಖರ್ದುಂಗ್ ಲಾ, ಪ್ಯಾಂಗಾಂಗ್, ‘ತ್ರೀ ಈಡಿಯಟ್ಸ್’ ಸ್ಕೂಟರ್ ಮೇಲೆ ಕೂತು ಒಂದು ಫೋಟೋ. ಲೇಹ್ ಊರಲ್ಲೇ ಕರ್ಜೂ ಅಂತ ಒಂದು ಕೊಳ ಇದೆ. ಅದರ ಪಕ್ಕದಲ್ಲೇ ಹಾದು ಹೋಗಿದ್ರೂ ಗಮನಿಸಿರೋದು ಕಷ್ಟ. ಜುಲೈಯಲ್ಲಿ ಅದು ಬರೀ ನೀರು. ನಮ್ಮ ಊರ ಕಡೆ ಕಟ್ಟೆ ಇರುತ್ತಲ್ಲ, ಅಂಥದ್ದೇ.

ಅದೇ ಕೊಳವನ್ನು ಜನವರಿಯಲ್ಲಿ ನೋಡಬೇಕು. ಸಮುದ್ರ ಮಟ್ಟದಿಂದ 3,500 ಮೀಟರ್ ಎತ್ತರ, ರಾತ್ರಿ ಸೊನ್ನೆಗಿಂತ ಹದಿನೈದು ಇಪ್ಪತ್ತು ಡಿಗ್ರಿ ಕೆಳಗೆ. ಕೊಳ ಕಲ್ಲಾಗಿರುತ್ತೆ. ಅದರ ಮೇಲೆ ಹುಡುಗರು, ಹುಡುಗಿಯರು, ಸೈನಿಕರು, ಪೊಲೀಸರು ಕಾಲಿಗೆ ಬ್ಲೇಡ್ ಕಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು, ಒಂದು ಕಪ್ಪು ರಬ್ಬರ್ ಬಿಲ್ಲೆಯ ಹಿಂದೆ ಓಡ್ತಾ ಇರ್ತಾರೆ. ಸುತ್ತ ಜನ ಕಂಬಳಿ ಹೊದ್ದು ನಿಂತಿರ್ತಾರೆ. ಭಾರತದ ಐಸ್ ಹಾಕಿ ರಾಷ್ಟ್ರೀಯ ತಂಡ ಅಂತ ಒಂದು ಇದೆ, ಅದು ಹೆಚ್ಚೂಕಡಿಮೆ ಇಂಥ ಕೊಳಗಳಿಂದಲೇ ಎದ್ದು ಬಂದದ್ದು.

ಇವತ್ತಿನ ಮಾತು ಆ ತಂಡ ಮತ್ತು ಅದು ಆಡುವ ಒಂದು ಟೂರ್ನಮೆಂಟ್ ಬಗ್ಗೆ. ಐಐಎಚ್‌ಎಫ್ ಚಾಲೆಂಜ್ ಕಪ್ ಆಫ್ ಏಷ್ಯಾ ಅಂತ ಅದರ ಹೆಸರು. ಹಾಂಗ್‌ಕಾಂಗ್, ಥಾಯ್ಲೆಂಡ್, ಕುವೈತ್, ಮಲೇಷ್ಯಾ, ಯುಎಇ, ಮಂಗೋಲಿಯಾ, ಭಾರತ... ಈ ಪಟ್ಟಿ ಕೇಳಿದ ತಕ್ಷಣ ನಗು ಬರಬಹುದು. ಕುವೈತ್‌ನಲ್ಲಿ ಐಸ್ ಹಾಕಿನಾ ಅಂತ. ನನಗೂ ಹಾಗೇ ಅನ್ನಿಸಿತ್ತು. ಆದ್ರೆ ಮುಂದೆ ನೋಡಿ, ಈ ಪಟ್ಟಿಯಲ್ಲಿ ನಗಬೇಕಾದವರು ಕುವೈತ್‌ನವರಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ.

ಭಾರತಕ್ಕೆ ಐಸ್ ಮೇಲೆ ಜಾರುವ ಚಟ ಹತ್ತಿಸಿದವರು ಬ್ರಿಟಿಷರು. ಶಿಮ್ಲಾದಲ್ಲಿ 1920ರಲ್ಲಿ ಒಂದು ಬಯಲು ರಿಂಕ್ ಶುರುವಾಯ್ತು. ಯಂತ್ರ ಇಲ್ಲ, ಸಂಜೆ ಟೆನಿಸ್ ಕೋರ್ಟಿನಂಥ ಜಾಗಕ್ಕೆ ನೀರು ಬಿಡೋದು, ರಾತ್ರಿ ಚಳಿಗೆ ಅದು ಗಟ್ಟಿಯಾಗೋದು, ಬೆಳಗ್ಗೆ ಸ್ಕೇಟ್ ಮಾಡೋದು. ಅದು ಇವತ್ತಿಗೂ ಇದೆ. ಆದ್ರೆ ಶಿಮ್ಲಾದ್ದು ಸಾಹೇಬರ ಹವ್ಯಾಸ. ಹಾಕಿ ನಿಜವಾಗಿ ಬೇರು ಬಿಟ್ಟದ್ದು ಲಡಾಖ್‌ನಲ್ಲಿ, 1970ರ ದಶಕದಲ್ಲಿ, ಸೇನೆಯ ಮೂಲಕ. ಚಳಿಗಾಲದಲ್ಲಿ ಲಡಾಖ್‌ನ ಪರಿಸ್ಥಿತಿ ಯೋಚನೆ ಮಾಡಿ. ಪಾಸ್‌ಗಳು ಮುಚ್ಚಿ ರಸ್ತೆ ಬಂದ್. ಹೊಲದಲ್ಲಿ ಕೆಲಸ ಇಲ್ಲ. ಶಾಲೆಗೆ ರಜೆ. ಗಡಿಯಲ್ಲಿ ಇರುವ ಸೈನಿಕರಿಗೆ ತಿಂಗಳುಗಟ್ಟಲೆ ಅದೇ ಬಿಳಿ ಬೆಟ್ಟ, ಅದೇ ಬಂಕರ್. ಕೊಳ ಹೇಗೂ ಹೆಪ್ಪುಗಟ್ಟಿದೆ, ಒಂದು ಆಟ ಆಡೋಣ ಅಂತ ಶುರುವಾದದ್ದು. ಹಳೆಯ ಆರ್ಮಿ ಬೂಟಿನ ಅಡಿಗೆ ಕಬ್ಬಿಣದ ಪಟ್ಟಿ ಬಡಿದು ಸ್ಕೇಟ್ ಮಾಡಿಕೊಂಡರು, ಮರದ ಕೊಂಬೆ ಕೆತ್ತಿ ಸ್ಟಿಕ್ ಮಾಡಿಕೊಂಡರು. ಲಡಾಖ್ ಸ್ಕೌಟ್ಸ್, ಐಟಿಬಿಪಿ ತಂಡಗಳು ಹೀಗೆ ಬೆಳೆದವು. ಊರಿನ ಹುಡುಗರು ನೋಡಿ ಕಲಿತರು. ಇವತ್ತಿಗೂ ದೇಶದ ಒಳ್ಳೆಯ ಆಟಗಾರರಲ್ಲಿ ದೊಡ್ಡ ಪಾಲು ಸಮವಸ್ತ್ರದಲ್ಲಿ ಇರುವವರೇ.

ಈಗ ಕ್ಯಾಮೆರಾವನ್ನು ಲಡಾಖ್‌ನಿಂದ ತೆಗೆದು ಏಷ್ಯಾದ ಉಳಿದ ಕಡೆ ತಿರುಗಿಸೋಣ.

ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟ, ಅಂದ್ರೆ ಐಐಎಚ್‌ಎಫ್, ಹುಟ್ಟಿದ್ದು 1908ರಲ್ಲಿ ಪ್ಯಾರಿಸ್‌ನಲ್ಲಿ. ಯುರೋಪು ಮತ್ತು ಕೆನಡಾದವರ ಮನೆ ಅದು. ಏಷ್ಯಾದಲ್ಲಿ ಗಟ್ಟಿ ತಂಡಗಳು ಅಂದ್ರೆ ಜಪಾನ್, ಚೀನಾ, ಕೊರಿಯಾ, ಆಮೇಲೆ ಸೋವಿಯತ್ ಒಡೆದ ಮೇಲೆ ಕಜಾಕ್‌ಸ್ತಾನ್. ಇವರ ಕೆಳಗೆ ಇದ್ದವರ ಗತಿ ಏನು? ಅದಕ್ಕೆ ಎರಡು ಸ್ಕೋರ್ ಹೇಳ್ತೀನಿ, ಸಾಕು.

1987, ಪರ್ತ್. ವಿಶ್ವ ಚಾಂಪಿಯನ್‌ಶಿಪ್‌ನ ತೀರಾ ಕೆಳಗಿನ ಗುಂಪು, ಪೂಲ್ ಡಿ. ಆಸ್ಟ್ರೇಲಿಯಾ 58, ನ್ಯೂಜಿಲೆಂಡ್ 0. ಅದೇ ಗುಂಪಿನಲ್ಲಿ ದಕ್ಷಿಣ ಕೊರಿಯಾ, ಹಾಂಗ್‌ಕಾಂಗ್ ಕೂಡ ಇದ್ದವು. ಆ ಟೂರ್ನಿ ಆಡಿ ಮನೆಗೆ ಹೋದ ಹಾಂಗ್‌ಕಾಂಗ್ ಮತ್ತೆ ವಿಶ್ವ ಚಾಂಪಿಯನ್‌ಶಿಪ್‌ಗೆ ಬಂದದ್ದು 2014ರಲ್ಲಿ. ಇಪ್ಪತ್ತೇಳು ವರ್ಷ.

1998, ಏಷ್ಯಾ-ಓಷಿಯಾನಿಯಾದ 18 ವರ್ಷದೊಳಗಿನವರ ಚಾಂಪಿಯನ್‌ಶಿಪ್. ದಕ್ಷಿಣ ಕೊರಿಯಾ 92, ಥಾಯ್ಲೆಂಡ್ 0. ಹೌದು, ತೊಂಬತ್ತೆರಡು. ಐಸ್ ಹಾಕಿ ಪಂದ್ಯ ಅಂದ್ರೆ 20 ನಿಮಿಷದ ಮೂರು ಪೀರಿಯಡ್, ಒಟ್ಟು 3,600 ಸೆಕೆಂಡು. ಭಾಗಿಸಿ ನೋಡಿ, 39 ಸೆಕೆಂಡಿಗೆ ಒಂದು ಗೋಲು. ಗೋಲಾದ ಮೇಲೆ ಮಧ್ಯಕ್ಕೆ ಬಂದು ಮತ್ತೆ ಆಟ ಶುರು ಮಾಡಬೇಕು, ಆ ಥಾಯ್ ಹುಡುಗರು ಬಿಲ್ಲೆ ಮುಟ್ಟಿದ್ರೋ ಇಲ್ವೋ. ಆ ಗೋಲ್‌ಕೀಪರ್ ಬಗ್ಗೆ ನಾನು ಆಗಾಗ ಯೋಚನೆ ಮಾಡ್ತೀನಿ. ಹದಿನಾರೋ ಹದಿನೇಳೋ ವಯಸ್ಸು ಇರಬಹುದು. ಮಾರನೇ ದಿನ ಮತ್ತೆ ಪ್ಯಾಡ್ ಕಟ್ಟಬೇಕಿತ್ತಲ್ಲ.

ಇಂಥ ಪಂದ್ಯದಿಂದ ಯಾರಿಗೂ ಏನೂ ಸಿಗಲ್ಲ. ಗೆದ್ದವರು ಕಲಿಯಲ್ಲ, ಸೋತವರು ಆಟವನ್ನೇ ಬಿಡ್ತಾರೆ, ಊರಲ್ಲಿ ಪ್ರಾಯೋಜಕರು ಮುಖ ತಿರುಗಿಸ್ತಾರೆ. ಫ್ರೆಶರ್ ಒಬ್ಬನನ್ನು ಮೊದಲ ದಿನವೇ ಪ್ರೊಡಕ್ಷನ್ ಔಟೇಜ್ ಕಾಲ್‌ಗೆ ಕೂರಿಸಿದ ಹಾಗೆ. ಅವನು ಕಲಿಯೋದು ಒಂದೇ, ಈ ಕೆಲಸ ನನ್ನದಲ್ಲ ಅಂತ.

ಐಐಎಚ್‌ಎಫ್‌ಗೆ ನೂರು ತುಂಬಿದ ವರ್ಷ, 2008ರಲ್ಲಿ, ಇದಕ್ಕೊಂದು ದಾರಿ ಹುಡುಕಿದರು. ಜಪಾನ್, ಕಜಾಕ್‌ಸ್ತಾನ್‌ನಂಥ ದೊಡ್ಡವರನ್ನು ಬಿಟ್ಟು, ಸಮಬಲದ ಸಣ್ಣವರೇ ಸೇರಿ ಆಡುವ ಒಂದು ಕಪ್. ಮೊದಲ ಚಾಲೆಂಜ್ ಕಪ್ ನಡೆದದ್ದು ಹಾಂಗ್‌ಕಾಂಗ್‌ನಲ್ಲಿ. ಗೆದ್ದವರು ಚೈನೀಸ್ ತೈಪೆ, ಅಂದ್ರೆ ತೈವಾನ್. ಮರು ವರ್ಷ ಅಬುಧಾಬಿಯಲ್ಲಿ, ಆತಿಥೇಯ ಯುಎಇ ಗೆದ್ದಿತು. ಆಮೇಲಿನ ವರ್ಷಗಳಲ್ಲೂ ಕಪ್ ಹೆಚ್ಚಾಗಿ ಈ ಇಬ್ಬರ ನಡುವೆಯೇ ಓಡಾಡ್ತಾ ಇತ್ತು. ಬಹಳ ಸಾಧಾರಣ ಐಡಿಯಾ ಅನ್ನಿಸಬಹುದು. ನನ್ನ ಲೆಕ್ಕದಲ್ಲಿ ಆ ಒಕ್ಕೂಟ ಏಷ್ಯಾಕ್ಕೆ ಮಾಡಿದ ಅತ್ಯಂತ ಬುದ್ಧಿವಂತ ಕೆಲಸ ಇದೇ. 4-3ರಲ್ಲಿ ಸೋತವನು ಮರು ವರ್ಷ ಬರ್ತಾನೆ.

ಸರಿ. ಈಗ ಮುಖ್ಯ ಪ್ರಶ್ನೆ. ಹಾಂಗ್‌ಕಾಂಗ್‌ನಲ್ಲಿ, ಅಬುಧಾಬಿಯಲ್ಲಿ, ಬ್ಯಾಂಕಾಕ್‌ನಲ್ಲಿ ಐಸ್ ಎಲ್ಲಿಂದ ಬಂತು?

ಉತ್ತರ ಒಂದೇ ಪದ: ಮಾಲ್. ಮನಿಲಾದ ಮಾಲ್ ಆಫ್ ಏಷ್ಯಾದಲ್ಲಿ ರಿಂಕ್ ಇದೆ. ಕೌಲಾಲಂಪುರ ಪಕ್ಕದ ಸನ್‌ವೇ ಪಿರಮಿಡ್‌ನಲ್ಲಿ ಇದೆ. ಹಾಂಗ್‌ಕಾಂಗ್‌ನ ಮೆಗಾಬಾಕ್ಸ್‌ನಲ್ಲಿ ಇದೆ. ಸಿಂಗಪುರದ ಜುರಾಂಗ್ ಈಸ್ಟ್‌ನಲ್ಲಿ ಜೇಕ್ಯೂಬ್ ಅನ್ನೋ ಮಾಲ್ ಇತ್ತು, 2012ರಲ್ಲಿ ತೆರೆದದ್ದು, ಅದರೊಳಗೆ ಒಲಿಂಪಿಕ್ ಅಳತೆಯ ರಿಂಕ್. 2023ರಲ್ಲಿ ಮಾಲ್ ಮುಚ್ಚಿತು, ಜೊತೆಗೆ ರಿಂಕೂ ಹೋಯ್ತು. ಒಂದು ದೇಶದ ಆಟದ ಮೈದಾನ ರಿಯಲ್ ಎಸ್ಟೇಟ್ ನಿರ್ಧಾರದ ಮೇಲೆ ನಿಂತಿರೋದು ಅಂದ್ರೆ ಇದು. ಕೆಳಗೆ ಫುಡ್ ಕೋರ್ಟ್, ಮೇಲೆ ಸಿನಿಮಾ, ಮಧ್ಯೆ ರಾಷ್ಟ್ರೀಯ ತಂಡದ ಪ್ರಾಕ್ಟೀಸ್. ಅದೂ ಸಾಮಾನ್ಯವಾಗಿ ಸಾರ್ವಜನಿಕರ ಸಮಯ ಮುಗಿದ ಮೇಲೆ, ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ. ಕೊಲ್ಲಿ ದೇಶಗಳಲ್ಲಿ ಮಾಲ್ ಬದಲಿಗೆ ತೈಲದ ದುಡ್ಡಿನ ಕ್ರೀಡಾ ಸಂಕೀರ್ಣ, ಅಬುಧಾಬಿಯ ಜಾಯೆದ್ ಸ್ಪೋರ್ಟ್ಸ್ ಸಿಟಿ ತರಹ.

ಇಂಥ ರಿಂಕ್ ಹೇಗೆ ಕೆಲಸ ಮಾಡುತ್ತೆ ಅಂತ ಹೇಳಿಬಿಡ್ತೀನಿ. ನಮ್ಮಲ್ಲಿ ಡೇಟಾ ಸೆಂಟರ್ ನೋಡಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಕೆಳಗೆ ಒಂದು ಕಾಂಕ್ರೀಟ್ ಹಾಸು. ಅದರೊಳಗೆ ಕಿಲೋಮೀಟರ್‌ಗಟ್ಟಲೆ ಉದ್ದದ ಪೈಪುಗಳು, ಸಾಲಾಗಿ. ಪಕ್ಕದ ಕೋಣೆಯಲ್ಲಿ ದೊಡ್ಡ ಕಂಪ್ರೆಸರ್. ಅದು ಉಪ್ಪುನೀರನ್ನೋ ಗ್ಲೈಕಾಲ್ ಬೆರೆಸಿದ ದ್ರವವನ್ನೋ ಸೊನ್ನೆಗಿಂತ ಎಂಟು ಒಂಬತ್ತು ಡಿಗ್ರಿ ಕೆಳಗಿಳಿಸಿ ಪೈಪಿನಲ್ಲಿ ಓಡಿಸುತ್ತೆ. ಉಪ್ಪುನೀರೇ ಯಾಕೆ ಅಂದ್ರೆ ಅದು ಆ ಚಳಿಯಲ್ಲೂ ಹೆಪ್ಪುಗಟ್ಟಲ್ಲ. ಕಾಂಕ್ರೀಟ್ ತಣ್ಣಗಾದ ಮೇಲೆ ಮೇಲಿಂದ ನೀರನ್ನು ತೆಳ್ಳಗೆ, ಪದರ ಪದರವಾಗಿ ಬಿಡ್ತಾರೆ. ನಮ್ಮಲ್ಲಿ ಸಗಣಿ ಸಾರಿಸಿದ ಹಾಗೆ, ಒಂದು ಒಣಗಿದ ಮೇಲೆ ಇನ್ನೊಂದು. ಮಧ್ಯೆ ಬಿಳಿ ಬಣ್ಣ, ಕೆಂಪು ನೀಲಿ ಗೆರೆಗಳು. ಕೊನೆಗೆ ಸಿಗೋದು ಮೂರು ನಾಲ್ಕು ಸೆಂಟಿಮೀಟರ್ ದಪ್ಪದ ಮಂಜು ಅಷ್ಟೇ. ಇದನ್ನು ದಿನದ 24 ಗಂಟೆ ಕಾಪಾಡಬೇಕು. ಕರೆಂಟ್ ಹೋದ್ರೆ ಮೈದಾನವೇ ಕರಗಿ ಚರಂಡಿ ಸೇರುತ್ತೆ.

ಆಟ ನಡೆದಂತೆ ಬ್ಲೇಡುಗಳು ಮಂಜನ್ನು ಗೀರಿ ಹಾಳು ಮಾಡ್ತವೆ. ಅದಕ್ಕೆ ಪೀರಿಯಡ್ ನಡುವೆ ಒಂದು ಟ್ರ್ಯಾಕ್ಟರ್ ತರಹದ ಯಂತ್ರ ಬರುತ್ತೆ, ಮೇಲ್ಪದರ ಕೆತ್ತಿ ತೆಗೆದು ಹಿಂದಿನಿಂದ ಬಿಸಿನೀರು ಸವರಿಕೊಂಡು ಹೋಗುತ್ತೆ. ಬಿಸಿನೀರು! ಅದು ಹಳೆಯ ಮಂಜನ್ನು ಸ್ವಲ್ಪ ಕರಗಿಸಿ ಚೆನ್ನಾಗಿ ಅಂಟಿಕೊಳ್ಳುತ್ತೆ, ಗಾಳಿಗುಳ್ಳೆಯೂ ಕಡಿಮೆ. ಈ ಯಂತ್ರ ಮಾಡಿದವನು ಫ್ರಾಂಕ್ ಜಂಬೋನಿ, 1949ರಲ್ಲಿ, ಎಲ್ಲಿ ಅಂದ್ರೆ ಬಿಸಿಲಿನ ಕ್ಯಾಲಿಫೋರ್ನಿಯಾದಲ್ಲಿ. ಅವನ ಮನೆಯವರದ್ದು ಐಸ್ ಗಡ್ಡೆ ಮಾರುವ ವ್ಯಾಪಾರ. ಮನೆಮನೆಗೆ ಫ್ರಿಡ್ಜ್ ಬಂದು ಗಡ್ಡೆ ಕೊಳ್ಳುವವರು ಇಲ್ಲವಾದಾಗ, ಇದ್ದ ಕೌಶಲ್ಯವನ್ನು ಸ್ಕೇಟಿಂಗ್ ರಿಂಕ್ ಕಡೆಗೆ ತಿರುಗಿಸಿದ. ಲೇಆಫ್ ಕಾಲದಲ್ಲಿ ಈ ಕಥೆ ಹೇಳೋದಕ್ಕೆ ಸ್ವಲ್ಪ ಮುಜುಗರ, ಆದ್ರೆ ನಿಜ.

ಲೇಹ್‌ನಲ್ಲಿ ಇದೇ ಕೆಲಸ ಹೇಗೆ ನಡೀತಿತ್ತು? ಸಂಜೆ ಜನ ಪೊರಕೆ ಹಿಡಿದು ಪುಡಿ ಗುಡಿಸಿ, ಬಕೆಟ್ಟಿನಲ್ಲಿ ಪೈಪಿನಲ್ಲಿ ನೀರು ಹರಡಿ ಮನೆಗೆ ಹೋಗೋದು. ಉಳಿದದ್ದನ್ನು ರಾತ್ರಿ ಮಾಡುತ್ತೆ. ಕಂಪ್ರೆಸರ್ ಇಲ್ಲ, ಬಿಲ್ ಇಲ್ಲ. ಆದ್ರೆ ಅಷ್ಟು ಎತ್ತರದಲ್ಲಿ ಬಿಸಿಲು ಚುರುಕು, ಹೊತ್ತೇರಿದಂತೆ ಮೇಲ್ಪದರ ಮೆತ್ತಗಾಗುತ್ತೆ. ಹಾಗಾಗಿ ಒಳ್ಳೆಯ ಮಂಜು ಸಿಗೋದು ಬೆಳಗ್ಗೆ ಮತ್ತು ಸಂಜೆ ಮಾತ್ರ. ಮತ್ತು ಅದು ವರ್ಷಕ್ಕೆ ಸುಮಾರು ಎರಡು ತಿಂಗಳ ಮಾತು.

ಈಗ ತಮಾಷೆ ನೋಡಿ. ಬೆಟ್ಟದ ತುಂಬ ಮಂಜಿರುವ ದೇಶದ ಆಟಗಾರ ವರ್ಷಕ್ಕೆ ಎರಡು ತಿಂಗಳು ಆಡ್ತಾನೆ. ಮರಳುಗಾಡಿನವನು, ಸಮಭಾಜಕದ ಪಕ್ಕದವನು ಹನ್ನೆರಡು ತಿಂಗಳೂ ಆಡ್ತಾನೆ. ಪ್ರಕೃತಿ ಕೊಟ್ಟ ಮಂಜು ಒಂದು ಋತು, ವಿದ್ಯುತ್ತಿನ ಮಂಜು ವರ್ಷಪೂರ್ತಿ. ಅಬುಧಾಬಿಯವರು ಲಡಾಖ್‌ನವರನ್ನು ಐಸ್ ಹಾಕಿಯಲ್ಲಿ ಸೋಲಿಸೋದರ ಹಿಂದೆ ಇರುವ ಲೆಕ್ಕ ಇಷ್ಟೇ.

ಎರಡು ತಿಂಗಳಿಗೂ ಹನ್ನೆರಡು ತಿಂಗಳಿಗೂ ವ್ಯತ್ಯಾಸ ಬರೀ ಸಮಯದ್ದಲ್ಲ. ನಿಜವಾದ ರಿಂಕಿನ ಸುತ್ತ ಎದೆ ಮಟ್ಟದ ಬೋರ್ಡ್ ಇರುತ್ತೆ, ಮೇಲೆ ಗಾಜು. ಬಿಲ್ಲೆಯನ್ನು ಬೋರ್ಡಿಗೆ ಹೊಡೆದು ಕೋನದಲ್ಲಿ ವಾಪಸ್ ಪಡೆಯೋದು, ಎದುರಾಳಿಯನ್ನು ಬೋರ್ಡಿನ ಮೂಲೆಗೆ ಒತ್ತಿ ಹಿಡಿಯೋದು, ಇದೆಲ್ಲ ಈ ಆಟದ ಅರ್ಧ ವ್ಯಾಕರಣ. ಕೊಳದ ಮೇಲೆ ಬೆಳೆದವರಿಗೆ ಸುತ್ತ ಇದ್ದದ್ದು ಮೊಣಕಾಲೆತ್ತರದ ಹಲಗೆ ಅಥವಾ ಹಿಮದ ದಿಂಡು. ಜೋರಾಗಿ ಹೊಡೆದ್ರೆ ಬಿಲ್ಲೆ ಹೊರಗೆ ಹೋಗುತ್ತೆ, ಹುಡುಕಿ ತರಬೇಕು. ಅಂದ್ರೆ ಜೋರಾಗಿ ಹೊಡೆಯದೇ ಇರೋದನ್ನು ಕಲೀತಾರೆ. ಗಲ್ಲಿ ಕ್ರಿಕೆಟ್‌ನಲ್ಲಿ ಪಕ್ಕದ ಮನೆ ಕಾಂಪೌಂಡಿಗೆ ಹೋದ್ರೆ ಔಟ್ ಅಂತ ಆಡಿದವರು ಪೂರ್ತಿ ಮೈದಾನಕ್ಕೆ ಹೋದ ಹಾಗೆ.

ಇನ್ನೊಂದು ಸಂಗತಿ ಇದೆ, ಅದು ನಮಗೆ ಇನ್ನೂ ಹತ್ತಿರದ್ದು. ಈ ಮಾಲ್ ರಿಂಕುಗಳಲ್ಲಿ ಆಟ ಉಳಿಸಿದವರು ಬಹುಪಾಲು ವಲಸಿಗರು. ಹಾಂಗ್‌ಕಾಂಗ್ ಬ್ಯಾಂಕಿನಲ್ಲಿ ಕೆಲಸ ಮಾಡುವ ಕೆನಡಾದವನು, ದುಬೈಯಲ್ಲಿರುವ ಫಿನ್‌ಲೆಂಡಿನ ಎಂಜಿನಿಯರ್, ಬ್ಯಾಂಕಾಕ್‌ನ ಶಾಲೆಯಲ್ಲಿ ಪಾಠ ಹೇಳುವ ಅಮೆರಿಕನ್. ಮನೆಯ ನೆನಪಿಗೆ ವಾರಕ್ಕೆರಡು ರಾತ್ರಿ ಸೇರಿ ಆಡೋದು, ಲೀಗ್ ನಡೆಸೋದು, ಊರಿನ ಮಕ್ಕಳಿಗೆ ಕಲಿಸೋದು. ನಾವು ಪುಣೆಯಲ್ಲಿ ಚೆನ್ನೈಯಲ್ಲಿ ರಾಜ್ಯೋತ್ಸವಕ್ಕೆ ಸೇರ್ತೀವಲ್ಲ, ಹಾಗೆ. ಆದ್ರೆ ಚಾಲೆಂಜ್ ಕಪ್ ಬಂದಾಗ ತಂಡಕ್ಕೆ ಬೇಕಾದ್ದು ಆ ದೇಶದ ಪಾಸ್‌ಪೋರ್ಟ್. ಹದಿನೈದು ವರ್ಷ ಅಲ್ಲೇ ಆಡಿ, ಅಲ್ಲಿಯವರಿಗೇ ಕಲಿಸಿದ ವಲಸಿಗ ಅವತ್ತು ಗ್ಯಾಲರಿಯಲ್ಲಿ ಕೂರ್ತಾನೆ. ತಾನು ಕಲಿಸಿದ ಹುಡುಗ ಒಳಗೆ ಆಡ್ತಾನೆ. ಇದು ಸರಿಯಾದ ನಿಯಮವೇ. ಆದ್ರೂ ಆ ಗ್ಯಾಲರಿಯ ಸೀಟು ಹೇಗಿರುತ್ತೆ ಅಂತ ನಮಗೆ ಸ್ವಲ್ಪ ಗೊತ್ತು.

ಹಾಂಗ್‌ಕಾಂಗ್, ಮಕಾವ್, ಚೈನೀಸ್ ತೈಪೆ ಮೂರೂ ಬೇರೆ ಬೇರೆ ತಂಡಗಳಾಗಿ ಆಡ್ತವೆ. ಕ್ರೀಡೆಯಲ್ಲಿ ಮಾತ್ರ ಉಳಿದಿರುವ ಭೂಪಟ ಅದು. 2023ರ ಫೆಬ್ರವರಿ ಕೊನೆಯಲ್ಲಿ ಸರಯೇವೋದಲ್ಲಿ, ವಿಶ್ವ ಚಾಂಪಿಯನ್‌ಶಿಪ್‌ನ ಕೆಳ ವಿಭಾಗದಲ್ಲಿ, ಹಾಂಗ್‌ಕಾಂಗ್ ಇರಾನನ್ನು ಸೋಲಿಸಿತು. ಐಸ್ ಹಾಕಿಯಲ್ಲಿ ಒಂದು ಪದ್ಧತಿ ಇದೆ, ಪಂದ್ಯ ಮುಗಿದ ಮೇಲೆ ಗೆದ್ದವರ ರಾಷ್ಟ್ರಗೀತೆ ನುಡಿಸ್ತಾರೆ. ಹಾಂಗ್‌ಕಾಂಗ್‌ಗೆ ಚೀನಾದ ರಾಷ್ಟ್ರಗೀತೆ. ಆದ್ರೆ ಆ ದಿನ ಸ್ಪೀಕರಿನಲ್ಲಿ ಬಂದದ್ದು 2019ರ ಪ್ರತಿಭಟನೆಯ ಹಾಡು. ಸಾಲಾಗಿ ನಿಂತಿದ್ದ ಆಟಗಾರರು ಗಾಬರಿಯಾಗಿ ಎರಡೂ ಕೈ ಎತ್ತಿ ‘ಟಿ’ ಆಕಾರ ಮಾಡಿದರು, ಟೈಮ್ ಔಟ್ ಅಂತ. ಹಾಡು ನಿಲ್ಲಿಸಿ ಸರಿಯಾದದ್ದು ಹಾಕಿದರು. ಆಮೇಲೆ ಹಾಂಗ್‌ಕಾಂಗ್ ಸರ್ಕಾರ ವಿವರಣೆ ಕೇಳಿತು, ದೊಡ್ಡ ಗಲಾಟೆ. ನೆಟ್‌ನಿಂದ ಯಾರೋ ತಪ್ಪು ಫೈಲ್ ಎತ್ತಿಕೊಂಡರೆ ಆ ಹುಡುಗರ ಎದೆ ಹೇಗೆ ಹೊಡೆದುಕೊಂಡಿರಬೇಕು! ಗೆದ್ದ ಸಂತೋಷ ಒಂದು ನಿಮಿಷವೂ ಸಿಗಲಿಲ್ಲ. ಈ ರಾಷ್ಟ್ರಗೀತೆಯ ಪದ್ಧತಿ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಭಾರತಕ್ಕೆ ವಾಪಸ್. ನಮ್ಮ ಐಸ್ ಹಾಕಿ ಸಂಸ್ಥೆ ಐಐಎಚ್‌ಎಫ್ ಸದಸ್ಯತ್ವ ಪಡೆದದ್ದು 1989ರಲ್ಲಿ. ಮೊದಲ ಸಲ ಚಾಲೆಂಜ್ ಕಪ್ ಆಡಿದ್ದು 2009ರಲ್ಲಿ, ಅಬುಧಾಬಿಯಲ್ಲಿ. ನಡುವೆ ಇಪ್ಪತ್ತು ವರ್ಷ ಸದಸ್ಯತ್ವ ಕಾಗದದ ಮೇಲೆ ಇತ್ತು, ತಂಡ ಕೊಳದ ಮೇಲೆ ಇತ್ತು. ಆ 2009ರ ತಂಡಕ್ಕೆ ಕೋಚ್ ಆಗಿ ಸ್ವಯಂಸೇವೆಗೆ ಬಂದವನು ಆಡಂ ಶೆರ್ಲಿಪ್ ಅನ್ನೋ ಅಮೆರಿಕನ್ ಯುವಕ. ಆಮೇಲೆ ಒಂದು ಪ್ರತಿಷ್ಠಾನ ಕಟ್ಟಿ, ಲಡಾಖ್‌ಗೆ ಮತ್ತೆ ಮತ್ತೆ ಬಂದು ಮಕ್ಕಳಿಗೆ ಕಲಿಸಿದ. ದೆಹಲಿಯಲ್ಲಿರುವ ಕೆನಡಾ ಹೈಕಮಿಷನ್ನಿನವರೂ ಚಳಿಗಾಲದಲ್ಲಿ ಲೇಹ್‌ಗೆ ಹೋಗಿ ಆಡಿ, ಹಳೆಯ ಸ್ಕೇಟು, ಸ್ಟಿಕ್ಕು ಕೊಟ್ಟು ಬರ್ತಾ ಇದ್ದರು. ಬಹಳ ವರ್ಷ ಲಡಾಖ್‌ನ ಆಟ ನಡೆದದ್ದು ಹೀಗೆ ಬೇರೆಯವರ ಕಾಲಿಗೆ ಸಣ್ಣದಾದ ಸ್ಕೇಟುಗಳಲ್ಲಿ.

ಅಂದ ಹಾಗೆ ‘ತ್ರೀ ಈಡಿಯಟ್ಸ್’ ಬಂದದ್ದೂ 2009ರಲ್ಲೇ. ಅದೇ ವರ್ಷದಿಂದ ಇಡೀ ದೇಶ ಲಡಾಖ್ ಕಡೆ ತಿರುಗಿತು. ಬೇಸಿಗೆಯ ಲಡಾಖ್ ಕಡೆ.

ಹಾಗಾದ್ರೆ ಭಾರತದಲ್ಲಿ ಯಂತ್ರದ ರಿಂಕ್ ಕಟ್ಟಲೇ ಇಲ್ವಾ? ಕಟ್ಟಿದರು. ಕಥೆಯ ಈ ಭಾಗ ನನಗೆ ನಿಜಕ್ಕೂ ಸಿಟ್ಟು ತರಿಸುತ್ತೆ. 2011ರ ಜನವರಿಯಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ಡೆಹ್ರಾಡೂನ್ ಮತ್ತು ಔಲಿಯಲ್ಲಿ ನಡೆಯಿತು. ಅದಕ್ಕಾಗಿ ಡೆಹ್ರಾಡೂನ್‌ನಲ್ಲಿ ಪೂರ್ತಿ ಅಳತೆಯ ಒಳಾಂಗಣ ರಿಂಕ್ ಎದ್ದಿತು. 2012ರ ಮಾರ್ಚಿನಲ್ಲಿ ಚಾಲೆಂಜ್ ಕಪ್ ಕೂಡ ಅಲ್ಲೇ ಆಯ್ತು. ಲಡಾಖ್ ಹುಡುಗರಿಗೆ ವರ್ಷಪೂರ್ತಿ ಮಂಜು, ಅದೂ ವೀಸಾ ಇಲ್ಲದೆ. ಆಮೇಲೆ? ಕಂಪ್ರೆಸರ್ ಓಡಿಸೋ ಖರ್ಚು ಯಾರು ಕೊಡಬೇಕು ಅನ್ನೋ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ರಿಂಕ್ ಮುಚ್ಚಿತು. ವರ್ಷಗಳ ಕಾಲ ಮುಚ್ಚೇ ಇತ್ತು. ಕಟ್ಟೋದಕ್ಕೆ ಬಜೆಟ್ ಇತ್ತು, ನಡೆಸೋದಕ್ಕೆ ಇರಲಿಲ್ಲ. ಕ್ಯಾಪೆಕ್ಸ್ ಅಪ್ರೂವ್ ಆಗಿ ಒಪೆಕ್ಸ್ ರಿಜೆಕ್ಟ್ ಆದ ಪ್ರಾಜೆಕ್ಟುಗಳನ್ನು ನಾವೆಲ್ಲ ನೋಡಿದ್ದೀವಿ, ಆದ್ರೆ ಅಲ್ಲಿ ಹಾಳಾಗೋದು ಸರ್ವರ್. ಇಲ್ಲಿ ಹಾಳಾದದ್ದು ಒಬ್ಬ ಆಟಗಾರನ ಇಪ್ಪತ್ತರಿಂದ ಮೂವತ್ತರ ವಯಸ್ಸು. ಅದು ಮತ್ತೆ ಬರಲ್ಲ. ರಿಂಕ್ ದುರಸ್ತಿಯಾಗಿ, ಹಿಮಾದ್ರಿ ಅನ್ನೋ ಹೆಸರಲ್ಲಿ, 2025ರ ಆಗಸ್ಟಿನಲ್ಲಿ ಏಷ್ಯಾ ಮಟ್ಟದ ಶಾರ್ಟ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್ ಸ್ಪರ್ಧೆ ನಡೆಸಿತು. ಒಳ್ಳೇದು. 2012ರಲ್ಲಿ ಹದಿನೆಂಟಾಗಿದ್ದವನಿಗೆ ಅಷ್ಟರಲ್ಲಿ ಮೂವತ್ತು ದಾಟಿತ್ತು.

ಆ ನಡುವಿನ ವರ್ಷಗಳಲ್ಲಿ ದೇಶದ ಉಳಿದ ಕಡೆ ಇದ್ದದ್ದು ಹೈದರಾಬಾದಿನ ಸ್ನೋ ವರ್ಲ್ಡ್ ತರಹದ ಮೋಜಿನ ಜಾಗಗಳು, ಗುರುಗ್ರಾಮದ ಮಾಲ್ ಒಂದರ ಸಣ್ಣ ರಿಂಕ್. ಬರ್ತ್‌ಡೇ ಪಾರ್ಟಿಗೆ ಸಾಕು.

ಈಗ ಹುಡುಗಿಯರ ಕಥೆ. ಈ ವಿಡಿಯೋ ಮಾಡೋಕೆ ಕಾರಣವೇ ಅವರು.

ಲಡಾಖ್‌ನಲ್ಲಿ ಮಂಜು ಇರುವ ಅವಧಿ ಕಡಿಮೆ ಅಂತ ಹೇಳಿದೆ. ಕಡಿಮೆ ಇರುವ ವಸ್ತುವಿಗೆ ಸರತಿ ಇರುತ್ತೆ, ಸರತಿಯಲ್ಲಿ ಕೊನೆಗೆ ಯಾರಿರ್ತಾರೆ ಅಂತ ಹೇಳಬೇಕಿಲ್ಲ. ಬೆಳಗಿನ ಗಟ್ಟಿ ಮಂಜು ಗಂಡಸರ ತಂಡಗಳಿಗೆ. ಹುಡುಗಿಯರಿಗೆ ಸಿಕ್ಕಿದ್ದು ನಡುವಿನ ಬಿಡುವು. ಪೂರ್ತಿ ಕಿಟ್ ಇಲ್ಲ, ಅಣ್ಣತಮ್ಮಂದಿರ ಸ್ಕೇಟು, ಎರವಲು ಹೆಲ್ಮೆಟ್. ಗೋಲ್‌ಕೀಪರ್ ನೂರ್ ಜಹಾನ್, ನಾಯಕಿಯಾಗಿದ್ದ ರಿಂಚೆನ್ ಡೋಲ್ಮಾ, ಡಿಸ್ಕಿಟ್ ಆಂಗ್ಮೋ, ತ್ಸೆವಾಂಗ್ ಚುಸ್ಕಿತ್, ಇವರೆಲ್ಲ ಬೆಳೆದ ಕಾಲ ಅದು. ಅವರೇ ಸೇರಿ ಲಡಾಖ್ ವಿಮೆನ್ ಐಸ್ ಹಾಕಿ ಫೌಂಡೇಶನ್ ಅಂತ ಕಟ್ಟಿಕೊಂಡು, ಹಳ್ಳಿಗಳಿಗೆ ಹೋಗಿ ಚಿಕ್ಕ ಹುಡುಗಿಯರಿಗೆ ತಾವೇ ಕಲಿಸೋಕೆ ಶುರು ಮಾಡಿದರು. ಫೆಡರೇಶನ್ ಏನಾದ್ರೂ ಮಾಡುತ್ತೆ ಅಂತ ಕಾದು ಕೂರಲಿಲ್ಲ.

2016ರ ಮಾರ್ಚ್, ತೈಪೆ. ಮಹಿಳೆಯರ ಚಾಲೆಂಜ್ ಕಪ್. ಭಾರತದ ಮಹಿಳಾ ತಂಡದ ಮೊದಲ ಅಂತರರಾಷ್ಟ್ರೀಯ ಟೂರ್ನಿ. ಹೋಗೋಕೆ ದುಡ್ಡಿಲ್ಲ, ಕ್ರೌಡ್‌ಫಂಡಿಂಗ್ ಮಾಡಿ ಹೋದರು. ಕೊಳದಿಂದ ನೇರವಾಗಿ ಗಾಜಿನ ಗೋಡೆಯ ಅಖಾಡಕ್ಕೆ. ಎಲ್ಲ ಪಂದ್ಯ ಸೋತರು. ಗೆದ್ದವರ ರಾಷ್ಟ್ರಗೀತೆ ನುಡಿಸುವ ಪದ್ಧತಿ ಹೇಳಿದ್ನಲ್ಲ, ಸೋತವರೂ ನೀಲಿ ಗೆರೆಯ ಮೇಲೆ ಸಾಲಾಗಿ ನಿಂತು ಅದನ್ನು ಕೇಳಬೇಕು. ಆ ವಾರ ಪ್ರತಿ ಪಂದ್ಯದ ಕೊನೆಗೂ ಅವರು ಬೇರೆಯವರ ಹಾಡಿಗೆ ನಿಂತರು.

2017ರ ಮಾರ್ಚ್, ಬ್ಯಾಂಕಾಕ್. ಮತ್ತೆ ಜನರಿಂದ ದುಡ್ಡು ಎತ್ತಿಯೇ ಹೋದದ್ದು. ಎದುರಿಗೆ ಫಿಲಿಪ್ಪೀನ್ಸ್, ಮನಿಲಾದ ಮಾಲ್‌ಗಳಲ್ಲಿ ಬೆಳೆದ ಹುಡುಗಿಯರು. ಸಮಬಲದವರ ಪಂದ್ಯ ಹೇಗಿರಬೇಕೋ ಹಾಗೇ ಇತ್ತು, ಸ್ಕೋರ್ 4-3. ಈ ಸಲ ನಾಲ್ಕು ನಮ್ಮದು. ಭಾರತದ ಮಹಿಳಾ ಐಸ್ ಹಾಕಿಯ ಮೊದಲ ಗೆಲುವು. ಥಾಯ್ಲೆಂಡಿನ ಆ ರಿಂಕಿನಲ್ಲಿ, ಹೊರಗೆ ಮಾರ್ಚ್ ತಿಂಗಳ ಬೆವರು ಸುರಿಸುವ ಬಿಸಿಲು, ಒಳಗೆ ಹೆಲ್ಮೆಟ್ ಕೈಯಲ್ಲಿ ಹಿಡಿದು ಸಾಲಾಗಿ ನಿಂತವರ ಮುಂದೆ ‘ಜನಗಣಮನ’ ಶುರುವಾಯ್ತು. ಅದೇ ಟೂರ್ನಿಯಲ್ಲಿ ಮಲೇಷ್ಯಾವನ್ನೂ 5-4ರಲ್ಲಿ ಸೋಲಿಸಿದರು. ಆ ವಾರದ ಪೇಪರಿನಲ್ಲಿ ನಮ್ಮ ಬೆಂಗಳೂರು ಟೆಸ್ಟ್ ತುಂಬಿತ್ತು, ಆಸ್ಟ್ರೇಲಿಯಾ ವಿರುದ್ಧದ್ದು, ಸ್ಮಿತ್ ಡ್ರೆಸಿಂಗ್ ರೂಮ್ ಕಡೆ ನೋಡಿದ ಗಲಾಟೆ. ನಾನೂ ಅದನ್ನೇ ಓದ್ತಾ ಇದ್ದೆ.

ಅದೇ 2017ರ ಫೆಬ್ರವರಿಯಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಯುಎಇಯ ಫಾತಿಮಾ ಅಲ್ ಅಲಿ ಅನ್ನೋ ಆಟಗಾರ್ತಿ, ಮೊದಲು ಅಬುಧಾಬಿ ರಿಂಕಿನಲ್ಲಿ ಫೋಟೋ ತೆಗೀತಾ ಇದ್ದವರು, ಆಮೇಲೆ ತಾವೇ ಸ್ಟಿಕ್ ಹಿಡಿದವರು. ಎನ್‌ಎಚ್‌ಎಲ್‌ನ ಮಾಜಿ ಆಟಗಾರ ಪೀಟರ್ ಬೊಂಡ್ರಾ ಅಲ್ಲಿಗೆ ಹೋಗಿದ್ದಾಗ ಇವರ ಕೈಚಳಕ ನೋಡಿ ವಿಡಿಯೋ ಹಾಕಿದ, ಅದು ಎಲ್ಲ ಕಡೆ ಓಡಿತು. ವಾಷಿಂಗ್ಟನ್ ಕ್ಯಾಪಿಟಲ್ಸ್ ಅವರನ್ನು ಕರೆಸಿ ಪಂದ್ಯದ ಮೊದಲು ಬಿಲ್ಲೆ ಬೀಳಿಸುವ ಗೌರವ ಕೊಟ್ಟಿತು. ಹಿಜಾಬಿನಲ್ಲಿ, ತಂಡದ ಜೆರ್ಸಿಯಲ್ಲಿ. ಇಂಥವರು ಚಾಲೆಂಜ್ ಕಪ್ ಇಲ್ಲದಿದ್ರೆ ಯಾವ ಪಂದ್ಯ ಆಡ್ತಾ ಇದ್ದರು?

ಲಡಾಖ್‌ಗೂ ದೊಡ್ಡವರು ಬಂದರು. ಕೆನಡಾದ ಹೇಲಿ ವಿಕನ್‌ಹೈಸರ್, ನಾಲ್ಕು ಒಲಿಂಪಿಕ್ ಚಿನ್ನದ ಆಟಗಾರ್ತಿ, ನಮ್ಮ ಕ್ರಿಕೆಟ್ ಭಾಷೆಯಲ್ಲಿ ಸಚಿನ್ ಅನ್ನಬಹುದು, 2018ರ ಜನವರಿಯಲ್ಲಿ ಲೇಹ್‌ಗೆ ಬಂದು ಹುಡುಗಿಯರ ಜೊತೆ ಆ ಬಯಲು ಮಂಜಿನ ಮೇಲೆ ಆಡಿದರು. ಅದೇ ವರ್ಷ ನವೆಂಬರಿನಲ್ಲಿ ನಮ್ಮ ತಂಡ ಕ್ಯಾಲ್ಗರಿಗೆ, ಅವರು ನಡೆಸುವ ಹಬ್ಬಕ್ಕೆ ಹೋಗಿ ಬಂತು.

ಆಮೇಲೆ ಕೋವಿಡ್. ಟೂರ್ನಿ ನಿಂತಿತು. ಮತ್ತೆ ಶುರುವಾದಾಗ ಹೆಸರು ಬದಲಾಯಿತು, ಈಗ ಏಷ್ಯಾ ಕಪ್ ಅಂತಾರೆ. ಲಡಾಖ್ ಕಡೆಗೂ ಸ್ವಲ್ಪ ದುಡ್ಡು ಹರಿಯಿತು. ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ಲೇಹ್‌ಗೆ ಬಂದವು. ಚೆನ್ನೈನ ರಾಯಲ್ ಎನ್‌ಫೀಲ್ಡ್ 2024ರಿಂದ ಅಲ್ಲಿ ಲೀಗ್ ನಡೆಸ್ತಾ ಇದೆ. ನಾವು ಜುಲೈಯಲ್ಲಿ ಓಡಿಸೋ ಗಾಡಿಯ ಕಂಪನಿ, ಜನವರಿಯಲ್ಲಿ ಅದೇ ಊರಲ್ಲಿ ಹಾಕಿ ಆಡಿಸುತ್ತೆ. ಆದ್ರೆ ಕೊಳದ ಮಂಜಿಗೆ ಪ್ರಾಯೋಜಕರಿಲ್ಲ. ಚಳಿ ತಡವಾಗಿ ಬಂದ ವರ್ಷ ಆ ಎರಡು ತಿಂಗಳೂ ಸವೆಯುತ್ತೆ, ಅದನ್ನು ಯಾರೂ ತುಂಬಿಕೊಡೋಕಾಗಲ್ಲ.

2025ರ ಮೇ 31ರಿಂದ ಜೂನ್ 6ರವರೆಗೆ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಜಾಗ ಯುಎಇಯ ಅಲ್ ಐನ್, ಮರಳುಗಾಡಿನ ನಡುವಿನ ಊರು. ಅಲ್ಲಿ ಜೂನ್ ಅಂದ್ರೆ ಕಾರಿನ ಬಾಗಿಲು ಮುಟ್ಟೋಕಾಗದ ಬಿಸಿಲು. ಲಡಾಖ್‌ನ ಕೊಳಗಳೆಲ್ಲ ಕರಗಿ ಮೂರು ತಿಂಗಳಾಗಿತ್ತು. ಭಾರತ ಕಂಚು ಗೆದ್ದಿತು. ನಮ್ಮ ಮಹಿಳಾ ಐಸ್ ಹಾಕಿಯ ಮೊದಲ ಅಂತರರಾಷ್ಟ್ರೀಯ ಪದಕ.

ಪದಕ ತಗೊಂಡು ಅವರು ಲೇಹ್‌ನಲ್ಲಿ ಇಳಿದಾಗ ಟೂರಿಸ್ಟ್ ಸೀಸನ್ ಶುರುವಾಗಿತ್ತು. ಬೈಕುಗಳು ಸಾಲುಸಾಲಾಗಿ ಖರ್ದುಂಗ್ ಲಾ ಕಡೆ ಹೊರಟಿದ್ದವು. ಕರ್ಜೂ ಕೊಳದಲ್ಲಿ ನೀರಿತ್ತು.